ಸುಡದ ಮೋಟಾರಿಗೆ ಹೊಸ ತಂತಿ

ಚನ್ನಪಟ್ಟಣದಲ್ಲಿ ಮೋಟಾರು ಸುಟ್ಟರೆ ಜನಕ್ಕೆ ಮೊದಲು ನೆನಪಾಗುವ ಹೆಸರು ಪುಟ್ಟಲಿಂಗಯ್ಯನದು ಎಂದು ಇಪ್ಪತ್ತೆಂಟು ವರ್ಷದಿಂದ ನಂಬಿಕೊಂಡು ಬಂದವನೊಬ್ಬನಿದ್ದಾನೆ. ಅವನು ನಾನೇ, ಪುಟ್ಟಲಿಂಗಯ್ಯ. ದೊಡ್ಡಮಳೂರಿಗೆ ಹೋಗುವ ರಸ್ತೆಯಲ್ಲಿ ನನ್ನ ರಿವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಮೋಟಾರು, ಬೊಂಬೆ ಕಡೆಯುವವರ ಲೇತಿನ ಮೋಟಾರು, ಮಿಕ್ಸಿ, ಫ್ಯಾನು, ಏನೇ ಬಂದರೂ ಒಳಗಿನ ಸುಟ್ಟ ತಂತಿ ಕತ್ತರಿಸಿ ಹಾಕಿ ಹೊಸದು ಸುತ್ತಿ ಕೊಡುವುದು ನನ್ನ ಕೆಲಸ. ಈ ಕೆಲಸ ಬಹಳ ವರ್ಷ ಮಾಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಲೋಕದಲ್ಲಿ ಏನು ಕೆಟ್ಟರೂ ವೈಂಡಿಂಗ್ ಹೋಗಿಯೇ ಕೆಟ್ಟಿದೆ ಅನ್ನಿಸತೊಡಗುತ್ತದೆ. ನನಗೆ ಕೆಮ್ಮು ಬಂದರೂ ಒಳಗೆಲ್ಲೋ ಶಾರ್ಟ್ ಆಗಿರಬೇಕು ಎಂದೇ ಯೋಚಿಸುತ್ತೇನೆ.

ನನ್ನ ಹೆಂಡತಿ ಪುಟ್ಟಗೌರಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆಯೇನೋ ಕೂಡಿಕೊಂಡಿತು. ಆದರೆ ಒದ್ದೆ ಬಟ್ಟೆ ಹಿಂಡುವಾಗ ನೋವು ಮೊಣಕೈವರೆಗೆ ಏರುತ್ತಿತ್ತು. ಅದಕ್ಕೇ ಮನೆಗೆ ವಾಷಿಂಗ್ ಮೆಷೀನು ಬಂತು. ಮೇಲಿಂದ ಬಟ್ಟೆ ಹಾಕುವಂಥದ್ದು, ತಾನೇ ಒಗೆದು ತಾನೇ ಹಿಂಡುವಂಥದ್ದು. ತಂದ ದಿನ ನಾನು ಅದರ ಬೆನ್ನು ತಟ್ಟಿ, "ಇದ್ಕೇನಾದ್ರೂ ಆದ್ರೆ ಕಂಪ್ನಿಯೋರ್ನ ಕರೆಯೋ ಹಂಗೇ ಇಲ್ಲ ಕಣೇ. ಮನೇಲೇ ಡಾಕ್ಟ್ರವ್ನೆ," ಅಂದಿದ್ದೆ.

ಹೋದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಅದು ನಡುವೆ ನಿಂತುಬಿಟ್ಟಿತು. ಸೋಪಿನ ನೀರಲ್ಲಿ ಗುಡುಗುಡು ಅಂತ ಒಗೆದು, ಆ ನೀರನ್ನು ಹೊರಗೆ ಬಿಟ್ಟು, ಇನ್ನು ಜಾಲಿಸಬೇಕು ಅನ್ನುವ ಹೊತ್ತಿಗೆ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಒಂದು ಕೆಂಪು ದೀಪ ಮಿಟುಕಿಸುತ್ತಾ ಕುಯ್ ಕುಯ್ ಎಂದು ಕೂಗತೊಡಗಿತು. ಮುಚ್ಚಳ ತೆಗೆದರೆ ತಳದಲ್ಲಿ ನೊರೆ ಹತ್ತಿದ ಬಟ್ಟೆ ಮುದ್ದೆಯಾಗಿ ಕೂತಿತ್ತು.

ಗೌರಿ ಮೆಷೀನಿನ ಜೊತೆ ಬಂದಿದ್ದ ಪುಸ್ತಕ ತಂದುಕೊಟ್ಟಳು. ಅದರಲ್ಲಿ ಮೆಷೀನು ನಿಂತರೆ ಏನೇನು ನೋಡಬೇಕು ಎಂದು ಬರೆದಿತ್ತು. ಮೊದಲನೆಯದೇ, ನಲ್ಲಿ ತಿರುಗಿಸಿದ್ದೀರಾ, ನೀರು ಬರುತ್ತಿದೆಯಾ ಎಂದು. ಓದಿ ನನಗೆ ಅವಮಾನವಾಯಿತು. ನಲ್ಲಿ ನೋಡಿದೆ, ತಿರುಗಿಸಿಯೇ ಇತ್ತು. ಪುಸ್ತಕ ಮುಚ್ಚಿಟ್ಟೆ.

"ಒಂದ್ ತಿಂಗ್ಳಿಂದ ಇದ್ಕೆ ನೀರು ಸಣ್ಣಕ್ಕೆ ಬತ್ತೈತೆ ಅಂತ ನಾನು ಹೇಳ್ತಾನೇ ಇವ್ನಿ," ಅಂದಳು ಗೌರಿ. "ಅದ್ಕೇ ಒಲೆ ಮೇಲಿನ ಬಿಸ್ನೀರ್ನ ನಾನೇ ಅರ್ಧರ್ಧ ಬಕೆಟ್ಟು ತಂದು ಸುರೀತಿದ್ದೆ."

"ನೀರಿಗೂ ಮೆಷೀನ್ ನಿಲ್ಲೋದ್ಕೂ ಏನೇ ಸಂಬಂಧ? ತಿರುಗ್ತಿಲ್ಲ ಅಂದ್ರೆ ಮೋಟ್ರು. ವೈಂಡಿಂಗ್ ಹೋಗೈತೆ."

ಈ ಮಾತನ್ನು ನಾನು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ. ಆದರೆ ಮೆಷೀನು ಇದ್ದದ್ದು ಹಿತ್ತಿಲ ಜಗಲಿಯ ಮೇಲೆ. ಪಕ್ಕದ ಹಿತ್ತಿಲಲ್ಲಿ ನನ್ನ ಗೆಳೆಯ ತಾಜ್ ಪಾಷಾ ಬೊಂಬೆಗೆ ಮರ ಸೀಳುತ್ತಾ ಕೂತಿದ್ದ. ಅವನ ತಾಯಿ ರೋಶನ್ ಬೀ ಗೋಡೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದರು. ಇಬ್ಬರೂ ತಲೆ ಎತ್ತಿದರು.

"ಏನ್ಲಾ ಲಿಂಗ, ಹೊರಗಿಂದ ನೋಡೇ ಹೇಳ್ಬುಟ್ಟಲ್ಲ?" ಅಂದ ಪಾಷಾ.

"ಲೇ, ವಾಸ್ನೆ ಬತ್ತೈತೆ ಕಣ್ಲಾ. ಸುಟ್ಟ ವಾಸ್ನೆ. ಇಪ್ಪತ್ತೆಂಟು ವರ್ಷದ ಮೂಗಿದು."

ಯಾವ ವಾಸನೆಯೂ ಬರುತ್ತಿರಲಿಲ್ಲ, ಗೌರಿಯ ಒಗ್ಗರಣೆಯದು ಬಿಟ್ಟರೆ.

ಮೆಷೀನನ್ನು ಓರೆ ಮಾಡಿ ಮಲಗಿಸಿದೆ. ತಳದಲ್ಲಿ ಉಳಿದಿದ್ದ ಸೋಪಿನ ನೀರೆಲ್ಲ ನನ್ನ ಮೇಲೇ ಸುರಿಯಿತು. ಬೆಲ್ಟು ಬಿಚ್ಚಿ, ಮೋಟಾರು ಕಳಚಿ, ಒದ್ದೆ ಪಂಚೆಯಲ್ಲೇ ಅದನ್ನು ಎದೆಗೊತ್ತಿಕೊಂಡು ಅಂಗಡಿಗೆ ನಡೆದೆ. ದಾರಿಯಲ್ಲಿ ಕೇಳಿದವರಿಗೆಲ್ಲ, "ವೈಂಡಿಂಗ್ ಹೋಗೈತೆ," ಎಂದೆ. ಯಾರೂ ಕೇಳದಿದ್ದರೂ ನಾಲ್ಕು ಜನಕ್ಕೆ ಹೇಳಿರಬಹುದು.

ಅಂಗಡಿಯಲ್ಲಿ ಮೋಟಾರನ್ನು ಮೇಜಿನ ಮೇಲಿಟ್ಟು ಕರೆಂಟು ಕೊಟ್ಟೆ. ಅದು ಬುರ್ರನೆ ತಿರುಗಿತು. ಆರಿಸಿ ಮತ್ತೆ ಹಾಕಿದೆ. ಇನ್ನೂ ಚೆನ್ನಾಗಿ ತಿರುಗಿತು. ಬಿಚ್ಚಿ ಒಳಗೆ ನೋಡಿದರೆ ತಂತಿ ಹೊಸ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ರೋಗಿ ಸತ್ತ ಎಂದು ಊರಿಗೆಲ್ಲ ಸಾರಿ ಬಂದ ಡಾಕ್ಟರ ಮುಂದೆ ಹೆಣ ಎದ್ದು ಕೂತು ಕಾಫಿ ಕೇಳಿದರೆ ಹೇಗಿರುತ್ತದೋ ಹಾಗಾಯಿತು.

ನಿಜ ಹೇಳುವುದಾದರೆ ಆಗಲೇ ಅದನ್ನು ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. "ತಪ್ಪು ತಿಳ್ಕೊಂಡಿದ್ದೆ, ಮೋಟ್ರು ಸರಿಯಾಗೈತೆ," ಅಂದಿದ್ದರೆ ಪಾಷಾ ಒಂದು ವಾರ ಆಡಿಕೊಂಡು ನಗುತ್ತಿದ್ದ, ಅಷ್ಟೇ. ನಾನು ಹತ್ತು ನಿಮಿಷ ಕೂತು ಯೋಚಿಸಿದೆ. ಆಮೇಲೆ ಕಟರ್ ತೆಗೆದುಕೊಂಡು ಆ ಚಿನ್ನದಂಥ ತಂತಿಯನ್ನು ಕಚಕ್ಕನೆ ಕತ್ತರಿಸಿಬಿಟ್ಟೆ. ಸತ್ತಿದೆ ಎಂದಾದ ಮೇಲೆ ಸತ್ತೇ ಇರಬೇಕಲ್ಲ.

ಹೊಸ ತಂತಿ ಸುತ್ತಿ, ವಾರ್ನಿಶ್ ಹಾಕಿ, ಒಣಗಿಸಿ ಮತ್ತೆ ಕಟ್ಟುವುದಕ್ಕೆ ಮೂರು ದಿನ ಹಿಡಿಯಿತು. ಅಷ್ಟು ಚೆನ್ನಾಗಿ ನಾನು ಯಾವ ಗಿರಾಕಿಯ ಮೋಟಾರನ್ನೂ ಕಟ್ಟಿಲ್ಲ. ತಪ್ಪು ಮಾಡುವಾಗ ಕೈ ಬಹಳ ಶ್ರದ್ಧೆಯಿಂದ ನಡೆಯುತ್ತದೆ.

ಆ ಮೂರು ದಿನ ಗೌರಿ ಕಲ್ಲಿನ ಮೇಲೆ ಬಟ್ಟೆ ಒಗೆದಳು. ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಿಲಿಗೆ ಬಂದವನು ನೋಡಿದೆ. ನನ್ನ ಅಂಗಡಿಯ ಪ್ಯಾಂಟನ್ನು ನಲ್ಲಿಯ ಕಂಬಕ್ಕೆ ಸುತ್ತು ಹಾಕಿ, ಎರಡು ತುದಿಯನ್ನೂ ಎಡಗೈಯಲ್ಲಿ ಹಿಡಿದು ತಿರುಚುತ್ತಿದ್ದಳು. ಸಾಲದೆ ಬಂದಾಗ ಬಲಗೈ ಹಚ್ಚಿದಳು. ಮುಖ ಕಿವುಚಿಕೊಂಡಿತು. ನನ್ನನ್ನು ಕಂಡು, "ಯಾವತ್ತಿಗೆ ಆಯ್ತದೆ ಅದು?" ಅಂದಳು.

"ನಾಳೆ ಆಯ್ತದೆ. ಪಾಪ, ಪೂರ್ತಿ ಕರಕ್ಲಾಗಿತ್ತು ಕಣೇ," ಅಂದೆ.

ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು ಹೇಳಿದ ಆ ಸುಳ್ಳು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿದೆ. ಪ್ಯಾಂಟು ಇಸಿದುಕೊಂಡು ನಾನೇ ಹಿಂಡಬಹುದಿತ್ತು. ಅದೂ ತೋಚಲಿಲ್ಲ. ಬಾಯಿ ಮುಕ್ಕಳಿಸಿ ಒಳಗೆ ಹೋದೆ.

ಬುಧವಾರ ಸಂಜೆ ಮೋಟಾರು ತಂದು ಜೋಡಿಸಿದೆ. ಪಾಷಾ ಗೋಡೆ ಹಾರಿ ಬಂದ. ರೋಶನ್ ಬೀ ಬೀದಿ ಬಳಸಿಕೊಂಡು ಮುಂಬಾಗಿಲಿಂದ ಬಂದು ಜಗಲಿಯ ಮೇಲೆ ಕೂತರು. ಗೌರಿ ಅಭ್ಯಾಸದಂತೆ ಬಿಸಿನೀರು ತಂದು ಸುರಿದು, ಬಟ್ಟೆ ಹಾಕಿ ಗುಂಡಿ ಒತ್ತಿದಳು. ಮೆಷೀನು ಗುಡುಗುಡು ಎಂದಿತು.

"ಹೆಂಗೆ?" ಅಂದೆ ನಾನು, ಮೀಸೆಯ ಕೆಳಗೆ ನಗು ಬಚ್ಚಿಟ್ಟುಕೊಂಡು.

"ಮೊದ್ಲಿಗಿಂತ ಜೋರಾಗೇ ತಿರುಗ್ತೈತೆ ಬುಡ್ಲಾ," ಅಂದ ಪಾಷಾ. ನಾನು ನಂಬಿದೆ.

ಒಗೆದಾಯಿತು. ಕೊಳೆ ನೀರು ಹೊರಗೆ ಹೋಯಿತು. ಮೆಷೀನು ಸುಮ್ಮನಾಯಿತು. ನಾವೆಲ್ಲ ಕಾದೆವು. ಕೆಂಪು ದೀಪ ಮಿಟುಕಿತು. ಕುಯ್ ಕುಯ್.

ನಾನು ಗುಂಡಿಗಳನ್ನೆಲ್ಲ ಒಂದು ಸುತ್ತು ಒತ್ತಿದೆ. ಪ್ಲಗ್ ಕಿತ್ತು ಹಾಕಿದೆ. ಕೊನೆಗೆ ಪಕ್ಕಕ್ಕೆ ಒಂದು ಏಟು ಕೊಟ್ಟೆ. ಅದು ಇನ್ನೂ ಜೋರಾಗಿ ಕೂಗಿದ ಹಾಗೆ ಕೇಳಿಸಿತು.

ರೋಶನ್ ಬೀ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದರು. ಮೂವತ್ತು ವರ್ಷ ಅವರು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿದವರು. ಗೂಡು ಬೇಯುವ ಬಿಸಿನೀರಿನ ಬಾಣಲೆಯ ಮುಂದೆ ಕೂತು ಕೂತು ಅವರ ಬೆರಳ ತುದಿಗಳು ಬಿಳಿಚಿ ನಯವಾಗಿಬಿಟ್ಟಿವೆ. ಅವರು ಮೆಷೀನಿನ ಮುಖವನ್ನೇ ನೋಡಲಿಲ್ಲ. ಹಿಂದೆ ಹೋಗಿ, ನಲ್ಲಿಯಿಂದ ಮೆಷೀನಿಗೆ ನೀರು ತರುವ ಪೈಪನ್ನು ಅಂಗೈಯಲ್ಲಿ ಹಿಡಿದು, ಡಾಕ್ಟರು ನಾಡಿ ನೋಡುವ ಹಾಗೆ ಒಂದು ಗಳಿಗೆ ನಿಂತರು.

"ಲಿಂಗಣ್ಣ, ಇದ್ರಾಗೆ ನೀರೇ ಓಡ್ತಿಲ್ವಲ್ಲ?"

"ನಲ್ಲಿ ತಿರುಗ್ಸೈತೆ ಕಣಮ್ಮ."

"ನಲ್ಲಿ ತಿರುಗ್ಸೈತಪ್ಪ. ನೀರು ಓಡಿದ್ರೆ ಪೈಪು ಕೈಗೆ ತಿಳೀತದೆ. ಇದು ಸುಮ್ನೆ ಮಲ್ಗೈತೆ. ನಮ್ ಫ್ಯಾಕ್ಟ್ರೀಲೂ ಬಾಣ್ಲೆಗೆ ನೀರು ನಿಂತ್ರೆ ಮೊದ್ಲು ಪೈಪಿನ ಬಾಯಿ ಬಿಚ್ಚಿ ನೋಡ್ತಿದ್ವಿ. ಬಿಚ್ಚು ಒಸಿ."

ಬಿಚ್ಚಿದೆ. ಪೈಪು ಮೆಷೀನಿಗೆ ಸೇರುವ ಬಾಯಲ್ಲಿ ಬೆರಳುಗುರಿನಷ್ಟು ಒಂದು ಜಾಲರಿ ಇತ್ತು. ನಮ್ಮ ಬೋರ್‌ವೆಲ್ ನೀರಿನ ಮರಳೂ ಸುಣ್ಣವೂ ಸೇರಿ ಅದಕ್ಕೆ ಗಾರೆ ಮೆತ್ತಿದ ಹಾಗಾಗಿತ್ತು. ರೋಶನ್ ಬೀ ಹಳೆಯ ಹಲ್ಲುಜ್ಜುವ ಬ್ರಷ್ಷು ಕೇಳಿದರು. ಗೌರಿ ತಂದುಕೊಟ್ಟಳು. ಎರಡು ನಿಮಿಷ ಉಜ್ಜಿ ತೊಳೆದು, "ಹಾಕಪ್ಪ," ಅಂದರು.

ಪೈಪು ಸಿಕ್ಕಿಸಿ ಗುಂಡಿ ಒತ್ತಿದರೆ ನೀರು ಧೋ ಎಂದು ಬಂತು. ಮೆಷೀನು ಜಾಲಿಸಿತು, ಹಿಂಡಿತು, ಮುಗಿಯಿತು ಎಂದು ಇಂಪಾಗಿ ಹಾಡಿತು. ಗೌರಿ ಬಿಸಿನೀರು ಸುರಿಯುತ್ತಿದ್ದುದರಿಂದ ಒಗೆಯುವುದು ಮಾತ್ರ ನಡೆಯುತ್ತಿತ್ತು. ಜಾಲಿಸಲು ಮೆಷೀನು ತಾನೇ ನೀರು ಎಳೆದುಕೊಳ್ಳಬೇಕಾದಾಗ ನೀರಿಲ್ಲದೆ ಕಾದು ಕಾದು ಕೂಗುತ್ತಿತ್ತು. ಪುಸ್ತಕದ ಮೊದಲ ಸಾಲಿನ ಉತ್ತರಾರ್ಧ ಇದೇ ಆಗಿತ್ತು.

ಪಾಷಾ ನನ್ನ ಮುಖ ನೋಡಿದ. "ಅಲ್ಲ ಕಣ್ಲಾ, ಹಂಗಾರೆ ಮೋಟ್ರು?"

ಗೌರಿಯೂ ನೋಡಿದಳು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು, ಅದು ಅವಳಿಗೆ ಈಚೆಗೆ ರೂಢಿ. ಎರಡೂ ಒಟ್ಟಿಗೇ ಕೆಟ್ಟಿದ್ದವು ಎನ್ನಲು ನಾಲಿಗೆ ತುದಿವರೆಗೆ ಬಂದಿತ್ತು. ಆ ಕೈ ಕಂಡು ಹೊರಡಲಿಲ್ಲ.

"ಮೋಟ್ರು ಸುಟ್ಟಿರ್ನಿಲ್ಲ," ಅಂದೆ. "ಅಂಗ್ಡಿಗೆ ಹೋದೇಟ್ಗೇ ಗೊತ್ತಾಯ್ತು. ನಿಮ್ಮ ಮುಂದೆಲ್ಲ ಹೇಳ್ಬುಟ್ಟಿದ್ನಲ್ಲ, ಅದ್ಕೆ ಚೆನ್ನಾಗಿರೋ ತಂತೀನೇ ಕತ್ತರ್ಸಿ ಹೊಸ್ದು ಸುತ್ದೆ."

ಪಾಷಾ ಜಗಲಿಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ರೋಶನ್ ಬೀ ಮಗನ ಬೆನ್ನಿಗೊಂದು ಗುದ್ದಿ, "ಏಳೋ, ನಡಿ," ಎಂದು ಕರೆದುಕೊಂಡು ಹೋದರು. ಗೋಡೆಯ ಆಚೆಯಿಂದಲೂ ಅವನ ನಗು ಬಹಳ ಹೊತ್ತು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ರೋಶನ್ ಬೀಯವರದೂ ಸೇರಿಕೊಂಡಿತು.

ಗೌರಿ ನಗಲಿಲ್ಲ. "ಮೂರ್ ದಿವ್ಸ ಈ ಕೈಲಿ ಹಿಂಡಿವ್ನಿ," ಅಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಬಟ್ಟೆ ತೆಗೆದು ಒಣಹಾಕಿದಳು. ಆಮೇಲೆ ಒಳಗೆ ಹೋಗಿ ಹಾಸಿಗೆಯ ಎರಡು ಹೊದಿಕೆ, ಕಿಟಕಿಯ ಪರದೆ, ವಾರ್ನಿಶ್ ಮೆತ್ತಿದ ನನ್ನ ನಾಲ್ಕು ಅಂಗಿ ತಂದು ಕಲ್ಲಿನ ಪಕ್ಕ ಹಾಕಿದಳು. "ಇವ್ನ ನೀವು ಕೈಲೇ ಒಗೀರಿ. ಮೆಷೀನ್ ಒಸಿ ಸುಧಾರ್ಸ್ಕಳ್ಲಿ."

ಒಗೆದೆ. ಹೊದಿಕೆ ಒದ್ದೆಯಾದರೆ ಎಮ್ಮೆಯಷ್ಟು ಭಾರ ಎಂದು ನನಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು. ಎರಡನೆಯದನ್ನು ಹಿಂಡುವಾಗ ಗೌರಿ ಬಂದು ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿದಳು. ಮಾರನೆಯ ದಿನ ಊಟದ ಮುದ್ದೆ ಮುರಿಯಲೂ ನನ್ನ ಬೆರಳು ಬಗ್ಗಲಿಲ್ಲ.

ಅದೇ ದಿನ ಮಧ್ಯಾಹ್ನ ಅಕ್ಕೂರಿನ ಮಾಯಮ್ಮ ಆಟೋದಲ್ಲಿ ಒಂದು ಮೋಟಾರು ಹಾಕಿಕೊಂಡು ಅಂಗಡಿಗೆ ಬಂದಳು. ಹಿಪ್ಪುನೇರಳೆ ತೋಟಕ್ಕೆ ತೊಟ್ಟಿಯಿಂದ ನೀರು ಹಾಯಿಸುವ ಮೋಟಾರು. "ಸುಟ್ಟೋಗೈತೆ ಕಣಣ್ಣ. ರೇಷ್ಮೆ ಹುಳ ಮೂರನೇ ಜ್ವರ ಎದ್ದು ಮೇವಿಗೆ ಬಾಯ್ಬುಡ್ತವೆ, ತೋಟ್ದಾಗೆ ಸೊಪ್ಪು ಬಾಡ್ತೈತೆ, ಬೇಗ ಕಟ್ಕೊಡು," ಅಂದಳು. ಎಂದಿನಂತೆ ಕೈ ಕಟರ್ ಕಡೆಗೆ ಹೋಯಿತು. ಬೆರಳು ನೋಯುತ್ತಿದ್ದುದರಿಂದ ಹಿಡಿಯಲಾಗಲಿಲ್ಲ. ಹಾಗಾಗಿ ಮೊದಲು ಕರೆಂಟು ಕೊಟ್ಟು ನೋಡಿದೆ. ಮೋಟಾರು ಬುರ್ರನೆ ತಿರುಗಿತು.

ಅಂಗಡಿಗೆ ಬೀಗ ಹಾಕಿ, ಅದೇ ಆಟೋದಲ್ಲಿ ಮಾಯಮ್ಮನ ಜೊತೆ ಅಕ್ಕೂರಿಗೆ ಹೋದೆ. ತೋಟದ ಮೂಲೆಯ ಸ್ಟಾರ್ಟರ್ ಡಬ್ಬಿ ತೆರೆದರೆ ಒಳಗೆ ಕೆಂಪಿರುವೆಗಳು ಸಂಸಾರ ಹೂಡಿದ್ದವು. ಕರೆಂಟು ಕೂಡುವ ಜಾಗದಲ್ಲೇ ಮೊಟ್ಟೆ ಇಟ್ಟಿದ್ದವು. ಮೈಯೆಲ್ಲ ಕಚ್ಚಿಸಿಕೊಂಡು ಗುಡಿಸಿ, ಉಜ್ಜಿ, ಮೋಟಾರು ಕೂರಿಸಿ ಗುಂಡಿ ಒತ್ತಿದೆ. ನೀರು ಬಂದು ಹಿಪ್ಪುನೇರಳೆಯ ಸಾಲಿಗೆ ಇಳಿಯಿತು.

ಮಾಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನೀರನ್ನು ನೋಡಿದಳು, ನನ್ನನ್ನು ನೋಡಿದಳು. ಮುಖದಲ್ಲಿ ಸಂತೋಷ ಇತ್ತು. ನಿಧಾನಕ್ಕೆ ಅದು ಬೇರೆ ಏನೋ ಆಯಿತು.

"ಅಲ್ಲ ಕಣಣ್ಣ, ಹೋದೊರ್ಸ ಇದೇ ಮೋಟ್ರು ಸುಟ್ಟೋಗೈತೆ ಅಂತ ಕಟ್ಕೊಟ್ಟಿದ್ಯಲ್ಲ. ಅದು ನಿಜ್ವಾಗ್ಲೂ ಸುಟ್ಟೋಗಿತ್ತಾ?"

"ಸುಟ್ಟಿತ್ತು ಕಣವ್ವ. ದೇವ್ರಾಣೆ, ಅದು ಪೂರ್ತಿ ಕರಕ್ಲಾಗಿತ್ತು," ಅಂದೆ.

ಅದು ನಿಜಕ್ಕೂ ಸುಟ್ಟಿತ್ತು. ಆದರೆ ಮಾಯಮ್ಮ ನಂಬಿದ ಹಾಗೆ ಕಾಣಲಿಲ್ಲ.