ಹೂತಿಟ್ಟ ಅಂಗಿ

ಗುದ್ದಲಿಗೆ ಬಟ್ಟೆ ತಾಗಿದೊಡನೆ ಸೊಸೆ ಗುದ್ದಲಿ ಪಕ್ಕಕ್ಕಿಟ್ಟು ಕೈಯಿಂದಲೇ ಮಣ್ಣು ಸರಿಸತೊಡಗಿದಳು. ಹೆಂಟೆಗಳು ಕಲ್ಲಿನಂತೆ ಎದ್ದವು. ಒಂದು ಎರೆಹುಳವಿಲ್ಲ, ಮಣ್ಣಿನ ವಾಸನೆಯೂ ಇಲ್ಲ.

ಬದುವಿನ ಮೇಲೆ ಅತ್ತೆ ಕೂತಿದ್ದರು. ಇಟ್ಟಿಗೆ ಭಟ್ಟಿಯವನು ಬೈಕಿಗೆ ಒರಗಿ ನಿಂತಿದ್ದ. ಬೆಳೆ ಕೈಕೊಡುತ್ತಲೇ ಇದ್ದುದರಿಂದ ಹೊಲದ ಮೇಲ್ಮಣ್ಣನ್ನು ಅವನಿಗೆ ಕೊಡುವ ಮಾತಾಗಿತ್ತು. ಕೆರೆದು ಒಯ್ದ ಮೇಲೆ ಅಲ್ಲಿ ಉಳುಮೆಯ ಮಾತಿಲ್ಲ. ಅತ್ತೆ ಒಂದೇ ಷರತ್ತು ಹಾಕಿದ್ದರು: ತೀರಿಕೊಂಡ ಮಗನ ಹತ್ತಿ ಅಂಗಿಯನ್ನು ಮಳೆಗಾಲ ಮುಗಿಯುವವರೆಗೆ ಹೊಲದಲ್ಲಿ ಹೂಳಬೇಕು. ಮಣ್ಣಿಗೆ ಜೀವವಿದ್ದರೆ ಕಣ್ಣಿಗೆ ಕಾಣದ ಜೀವಿಗಳು ಹತ್ತಿಯನ್ನು ತಿಂದು ಅಂಗಿಯ ಗುಂಡಿಗಳನ್ನಷ್ಟೇ ಬಿಡುತ್ತವೆ. ತಿಂದಿದ್ದರೆ ಹೊಲ ಉಳಿಯಲಿ, ಅಂಗಿ ಹಾಗೇ ಬಂದರೆ ಭಟ್ಟಿಗೆ ಹೋಗಲಿ.

"ಔಷಧಿ ಹೊಡೆದೂ ಹೊಡೆದೂ ನಿಮ್ಮೋರು ಕಳೆ ಜೊತೆ ಎಲ್ಲಾನೂ ಸಾಯಿಸಿಬಿಟ್ರಮ್ಮ," ಎಂದ ಭಟ್ಟಿಯವನು. "ನೋಡ್ತಿರಿ, ಇಸ್ತ್ರಿ ಮಾಡಿ ನಾನೇ ಮದುವೆಗೆ ಹಾಕ್ಕೊಂಡು ಹೋಗ್ಬೋದು."

"ನಿನ್ನ ಹೊಟ್ಟೆಗೆ ಅಂಥವು ಎರಡು ಬೇಕು. ಸುಮ್ನಿರಪ್ಪ," ಎಂದರು ಅತ್ತೆ.

ಸೊಸೆ ಅಂಗಿ ಎತ್ತಿ ಕೊಡವಿದಳು. ಬೆನ್ನಿನಲ್ಲಿ ಮೂರು ತೂತು, ತೋಳಿನಲ್ಲಿ ಒಂದು.

"ತಿಂದಿದೆ," ಎಂದರು ಅತ್ತೆ, ಅವಳು ಸರಿಯಾಗಿ ನೋಡುವ ಮೊದಲೇ.

ಸೊಸೆ ತೂತಿನ ಅಂಚನ್ನು ಬೆರಳಿನಿಂದ ಸವರಿದಳು. ಎಳೆ ಬಿಟ್ಟಿರಲಿಲ್ಲ. ಉಳಿದ ಬಟ್ಟೆ ಜಗ್ಗಿದರೂ ಹರಿಯದಷ್ಟು ಗಟ್ಟಿ. ಬದುಕಿಡೀ ಊರವರ ಬಟ್ಟೆ ಹೊಲಿದ ಕೈ ಅತ್ತೆಯದು; ಬೇಕೆಂದರೂ ಅದಕ್ಕೆ ಸೊಟ್ಟಗೆ ಕತ್ತರಿಸಲು ಬಾರದು. ನಾಲ್ಕೂ ತೂತು ಒಂದೇ ಅಳತೆ, ಬಟ್ಟಲು ಇಟ್ಟು ಗುರುತು ಮಾಡಿದಷ್ಟು ದುಂಡಗೆ. ಕೂತರೆ ಏಳಲಾಗದ ಆ ಮಂಡಿ ಹೊತ್ತು ಇಲ್ಲಿಗೆ ಯಾವಾಗ ಬಂದರೋ, ಹೇಗೆ ಅಗೆದರೋ.

ಭಟ್ಟಿಯವನು ಹತ್ತಿರ ಬಂದು ಅಂಗಿ ಇಸಿದುಕೊಂಡ. ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅತ್ತೆಯ ಕಡೆ ನೋಡಿದ. ಅವರು ಸೆರಗಿನಡಿ ಕೈ ಮುಚ್ಚಿಕೊಂಡು ಎಲ್ಲೋ ನೋಡುತ್ತಿದ್ದರು.

"ಮದುವೆಗಂತೂ ಆಗಲ್ಲ ಬಿಡಿ," ಎಂದ, ಅಂಗಿಯನ್ನು ನೀಟಾಗಿ ಮಡಚಿ ಸೊಸೆಯ ಕೈಗಿಡುತ್ತ. "ಈ ವರ್ಷ ಮಣ್ಣಿಗೆ ನಾನು ಬೇರೆ ಕಡೆ ನೋಡ್ಕೋತೀನಿ."

ಮನೆಗೆ ಬಂದ ಮೇಲೆ ಸೊಸೆ ಅಂಗಿ ಒಗೆದು ತಂತಿಗೆ ಹಾಕಿದಳು. ಅತ್ತೆ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದರು.

"ಮಂಡಿಗೆ ಎಣ್ಣೆ ಹಚ್ಚಲಾ ಅತ್ತೆ?"

"ಹ್ಞೂಂ," ಎಂದರು ಅವರು, ತಲೆ ಎತ್ತದೆ.

ಅಂಗಿಯ ನೆರಳು ಅಂಗಳದಲ್ಲಿ ಬಿದ್ದಿತ್ತು. ಅದರಲ್ಲಿ ನಾಲ್ಕು ದುಂಡು ಬೆಳಕು. ಉಳಿದೆಡೆ ಒಂದು ಚುಕ್ಕೆ ಬಿಸಿಲೂ ತೂರಿರಲಿಲ್ಲ.