ಶಾಲೆಯ ಮುಯ್ಯಿ

ಮದ್ದೂರು ತಾಲ್ಲೂಕಿನ ಆ ಶಾಲೆಯಲ್ಲಿ ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಮಧ್ಯಾಹ್ನ ಮನೆಗೆ ಹೋದರೆ ಮತ್ತೆ ಬರುತ್ತಿರಲಿಲ್ಲ. ಶೌಚಾಲಯದ ಸೂರು ಹಾರಿಹೋಗಿ ಎರಡು ವರ್ಷವಾಗಿತ್ತು. ಶೌಚ ಎಂದೋ ಹೋಗಿ ಬರೀ ಆಲಯ ಉಳಿದಿತ್ತು, ಅದಕ್ಕೂ ಬಾಗಿಲಿರಲಿಲ್ಲ. ಇಬ್ಬರು ಶಾಲೆಯನ್ನೇ ಬಿಟ್ಟಿದ್ದರು. ಮಿಕ್ಕ ಒಂಬತ್ತು ಮಂದಿಯನ್ನಾದರೂ ಉಳಿಸಿಕೊಳ್ಳಬೇಕೆಂಬ ಹಟ ಶಿವರಾಮುವಿನದು. ಅವನು ಅತಿಥಿ ಶಿಕ್ಷಕ. ಹತ್ತು ತಿಂಗಳು ಅನ್ನ ಹಾಕಿ, ಏಪ್ರಿಲ್ ಬಂದರೆ ಹೋಗಿ ಬಾ ಅನ್ನುವಂಥ ಆತಿಥ್ಯ.

ಖರ್ಚಿಲ್ಲದೆ ದುಡ್ಡು ಎತ್ತುವುದು ಹೇಗೆಂದು ಶಾಲಾ ಸಮಿತಿ ಸಭೆ ಸೇರಿತು. ಹಳೇ ಪೇಪರು ಮಾರೋಣ ಅಂದರು ಹೆಡ್‌ಮೇಡಂ ಕುಸುಮ. ಊರಿಗೆ ಬರುವುದೇ ನಾಲ್ಕು ಪೇಪರು. ಲಕ್ಕಿ ಡಿಪ್ಪು ಮಾಡೋಣವೆಂದರೆ ಬಹುಮಾನಕ್ಕೇ ಗತಿಯಿಲ್ಲ.

"ಮುಯ್ಯಿ ಬರೆಸ್ಕೊಳ್ಳೋಣ," ಅಂದ ಶಿವರಾಮು. "ಒಂದು ಟೇಬಲ್ಲು, ಒಂದು ತಟ್ಟೆ, ಒಂದು ನೋಟ್‌ಬುಕ್ಕು, ಒಂದು ಮೈಕು. ದಾನ ಕೇಳಿದ್ರೆ ನಮ್ಮೋರು ಹತ್ತು ರೂಪಾಯಿಗೆ ಹತ್ತು ಸಲ ಯೋಚ್ನೆ ಮಾಡ್ತಾರೆ. ಮುಯ್ಯಿ ಅಂದ್ರೆ ಸಾಲ ಮಾಡಾದ್ರೂ ತರ್ತಾರೆ."

ಮದುವೆಗೆ ಕೊಟ್ಟ ಮುಯ್ಯಿ ಕೊಟ್ಟವರ ಮನೆಯ ಕಾರ್ಯಕ್ಕೆ ತಿರುಗಿ ಬರಲೇಬೇಕಲ್ಲ, ಶಾಲೆ ಹೇಗೆ ತೀರಿಸುತ್ತದೆ? ಅದಕ್ಕೂ ಅವನಲ್ಲಿ ಉಪಾಯವಿತ್ತು. ಕೊಟ್ಟವರ ಮನೆಯ ಕಾರ್ಯಕ್ಕೆ ಸಮಿತಿಯವರೆಲ್ಲ ಹೋಗಿ, ನೂರೊಂದು ಹಾಕಿ, ಪಂಕ್ತಿಯಲ್ಲಿ ಕೂತು ಉಂಡು ಬರುವುದು. ಅಧ್ಯಕ್ಷ ಜಯಪ್ರಕಾಶನಿಗೆ ಉಣ್ಣುವ ಭಾಗ ಬಹಳ ಹಿಡಿಸಿತು.

ಭಾನುವಾರ ಶಾಲೆಯ ಅಂಗಳದಲ್ಲಿ ಶಾಮಿಯಾನ ಎದ್ದಿತು. ಕಾಲೇಜಿನಲ್ಲಿ ಮಿಮಿಕ್ರಿಗೆ ಬಹುಮಾನ ಹೊಡೆದಿದ್ದ ಶಿವರಾಮು ಮೈಕು ಹಿಡಿದು, ಛತ್ರದ ಮೈಕಿನವನ ಮೂಗುದನಿಯಲ್ಲಿ ಹೆಸರು ಕೂಗಿದ. ಹೊನ್ನಯ್ಯ ಸಾವಿರ ಹಾಕಿದ್ದೇ ತಡ, ಶಿವರಾಮು ಹೊನ್ನಯ್ಯನ ಗೊಗ್ಗರು ದನಿಯಲ್ಲೇ, "ಲೇ ಅಂಕಯ್ಯ, ಐನೂರು ಹಿಡ್ಕಂಡು ನಿಂತಿದ್ದೀಯಲ್ಲ, ಆ ಮೀಸೆ ಯಾಕ್ಲಾ ಬುಟ್ಟಿದ್ದೀಯ?" ಅಂದ. ಊರು ಬಿದ್ದು ಬಿದ್ದು ನಕ್ಕಿತು. ಅಂಕಯ್ಯ ಇನ್ನೊಂದು ಐನೂರು ತೆಗೆದ. ಗಾರೆ ಮೇಸ್ತ್ರಿ ಕೇಳಿದ್ದು ಅರವತ್ತು ಸಾವಿರ. ಮಧ್ಯಾಹ್ನಕ್ಕೇ ಅರವತ್ತೆರಡು ದಾಟಿತು.

ಆಗ ಬಂದವಳು ಮಂಚಮ್ಮ, ಶಿವರಾಮುವಿನ ಅವ್ವ. ಸೆರಗಿನ ಗಂಟು ಬಿಚ್ಚಿ ಐನೂರೊಂದು ತಟ್ಟೆಗಿಟ್ಟಳು.

"ನಮ್ ಯಜಮಾನ್ರ ಎಸ್ರು ಆಕಿ, ಕೆಂಪಸಿದ್ದಯ್ಯನ ಮನೇದು ಅಂತ ಬರ್ಕಳಿ ಜಯಪ್ರಕಾಸಪ್ಪ. ಬರೋ ತಿಂಗ್ಳು ನಮ್ ಮಗ್ಳು ನಾಗಸ್ರೀ ಮದ್ವೆ. ಎಲ್ರೂ ಬಂದ್ಬುಡಿ."

ಜಯಪ್ರಕಾಶನ ಪೆನ್ನು ನಿಂತಿತು. ಶಾಮಿಯಾನದಲ್ಲಿ ಗುಸುಗುಸು ಎದ್ದಿತು. ಅವನು ನಗುತ್ತಲೇ ಪುಸ್ತಕ ಮುಚ್ಚಿ, ಶಿವರಾಮುವನ್ನು ಗೋಡೆಯ ಹಿಂದಕ್ಕೆ ಕರೆದುಕೊಂಡು ಹೋದ.

"ನಿಮ್ಮವ್ವಂದು ದೇಣಿಗೆ ಅಂತ ಬ್ಯಾರೆ ಆಳೇಲಿ ಬರೀತೀನಿ ಕಣಪ್ಪ."

"ಯಾಕಣ್ಣ?"

"ಮುಯ್ಯಿ ಅಂದ್ಮೇಲೆ ತೀರಿಸ್ಬೇಕು. ನಿಮ್ ಕೇರಿಗೆ ಬಂದು ಸಮಿತಿಯೋರೆಲ್ಲ ಉಣ್ಣಾಕಾಯ್ತದಾ? ನಂಗೇನಿಲ್ಲ, ಮದ್ದೂರ್ನಲ್ಲಿ ವಡೆ ಕರ್ದೋರು ಯಾರು ಅಂತ ಕೇಳ್ದೆ ತಿನ್ನೋನು ನಾನು. ಊರೋರು ಕೇಳ್ಬೇಕಲ್ಲ. ಆ ಎಸ್ರು ಬುಕ್ಕಲ್ಲಿ ಬಂದ್ರೆ ನಮ್ದು ವಾಪಸ್ ಕೊಡಿ ಅಂತಾರೆ. ಕಕ್ಕಸು ಬೇಕೋ ಬ್ಯಾಡ್ವೋ, ನೀನೇ ಏಳು."

ಸಂಜೆ ಮನೆಯಲ್ಲಿ ಮಂಚಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಶಿವರಾಮು ಪಾಠ ಹೇಳುವವನಂತೆ ಶುರುಮಾಡಿದ. "ದೇಣಿಗೆ ಅಂದ್ರೆ ಮುಯ್ಯಿಗಿಂತ ದೊಡ್ದು ಕಣವ್ವ. ವಾಪಸ್ ಕೇಳ್ದಂಗೆ ಕೊಡೋದು."

"ಕಬ್ಬಿನ ಗದ್ದೇಲಿ ಕಳೆ ಕಿತ್ತ ಕಾಸು ಕಣ್ಲಾ ಅದು. ದಾನ ಮಾಡೋವಷ್ಟು ದೊಡ್ಡೋಳಲ್ಲ ನಾನು. ಮುಯ್ಯಿ ಆಕಿದ್ದು."

"ಒಂಬತ್ತು ಹೆಣ್ಮಕ್ಳು ಅವ್ವ."

ಅವಳು ಒಂದು ಹಿಡಿ ಕಾಯಿ ಸುಲಿದು ಮುಗಿಸಿದಳು. "ಉಣ್ಣಾಕೆ ಬರಾಕಿಲ್ಲ ಅಂದ್ರಾ?"

ಬೆಳಿಗ್ಗೆಯಿಂದ ಊರವರ ದನಿಯನ್ನೆಲ್ಲ ಆಡಿದ್ದವನು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದ.

"ದೇಣ್ಗೆ ಅಂತ್ಲೇ ಬರ್ಕಳಾಕೆ ಏಳು ಬುಡು. ಆ ಮಕ್ಳೇನ್ ಮಾಡಿದ್ವು," ಅಂದಳು ಮಂಚಮ್ಮ.

ನಾಗಶ್ರೀಯ ಮದುವೆಗೆ ಸಮಿತಿಯಿಂದ ಬಂದದ್ದು ಹೆಡ್‌ಮೇಡಂ ಒಬ್ಬರೇ. ಇವತ್ತು ಒಪ್ಪತ್ತು ಎಂದು ಹೇಳಿ, ತಮ್ಮ ಚೀಲದಲ್ಲಿದ್ದ ಬಾಟಲಿಯ ನೀರು ಕುಡಿದು ಹೊರಟರು. ಅತ್ತ ಶೌಚಾಲಯ ಎದ್ದಿತು. ನೀಲಿ ಟೈಲ್ಸು, ಕಬ್ಬಿಣದ ಬಾಗಿಲು, ಗೋಡೆಯ ಮೇಲೆ ಮುಯ್ಯಿ ಕೊಟ್ಟವರ ಹೆಸರಿನ ಕಲ್ಲು. ಟೇಪು ಕತ್ತರಿಸಿದ ಜಯಪ್ರಕಾಶ ಶಿವರಾಮುವಿನ ಹೆಗಲ ಮೇಲೆ ಕೈ ಹಾಕಿದ.

"ಕಟ್ಟಿದ್ದಾಯ್ತು. ತೊಳ್ಯಾಕೊಬ್ರು ಬೇಕಲ್ಲ ಸಿವರಾಮು. ದಿನಕ್ಕೆ ಐವತ್ತು ಕೊಡುಸ್ತೀನಿ, ನಿಮ್ಮವ್ವಂಗೊಂದು ಮಾತು ಏಳ್ಬುಡು. ಯಾರೂ ಬರ್ಲಿಲ್ಲ ಅಂದ್ರೆ ಗಲೀಜಾಯ್ತದೆ, ಬೀಗ ಆಕ್ಬೇಕಾಯ್ತದೆ."

"ಹೇಳ್ತೀನಿ ಅಣ್ಣ," ಅಂದ ಶಿವರಾಮು.

ಹೇಳಲಿಲ್ಲ. ಈಗ ದಿನಾ ಎಂಟು ಗಂಟೆಗೇ ಬಂದು, ಪ್ಯಾಂಟು ಮಡಿಚಿ, ಫಿನಾಯಿಲು ಸುರಿದು ತಾನೇ ತೊಳೆಯುತ್ತಾನೆ. ಮಧ್ಯಾಹ್ನದ ಹಾಜರಿಯಲ್ಲಿ ಒಂಬತ್ತಕ್ಕೆ ಒಂಬತ್ತೂ ಇರುತ್ತವೆ. ಮೊನ್ನೆ ಜಯಪ್ರಕಾಶನ ಮಗಳು ದೀಪಿಕ, ಅವಳೂ ಏಳನೇ ಕ್ಲಾಸು, ಬೇಗ ಬಂದಿದ್ದಳು. ಪೊರಕೆ ಹಿಡಿದ ಮೇಷ್ಟ್ರನ್ನು ನೋಡಿ ಅವಳಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

"ಇನ್ನೂ ಆಗಿಲ್ವಾ ಸಾರ್?" ಅಂದಳು.

"ಆಯ್ತು ಕಣಮ್ಮ. ಜಾರ್ತದೆ, ಹುಷಾರು," ಅಂದು ಶಿವರಾಮು ಬಕೆಟ್ಟು ಎತ್ತಿಕೊಂಡು ಈಚೆ ಬಂದ.