ಒದರಲಿಲ್ಲ ಯಾಕ

"ಬಾಯಿ ಇರಲಿಲ್ಲೇನ ನಿನಗ? ಒದರಲಿಲ್ಲ ಯಾಕ?"

ಕೇಳಿದವನು ನಿಜಾಮ ಸರಕಾರದ ಗಿರದಾವರ, ಕಂದಾಯದ ಅಧಿಕಾರಿ. ಮಂಗಳೂರು ಎಂಬ ಆ ಬಯಲುಸೀಮೆಯ ಹಳ್ಳಿಯ ಚಾವಡಿಯಲ್ಲಿ ಲೋಡಿಗೆ ಒರಗಿ ಕೂತಿದ್ದ. ಪಕ್ಕದಲ್ಲೇ ದೇವೇಂದ್ರಗೌಡ ಅಡಿಕೆ ಕತ್ತರಿಸುತ್ತಿದ್ದ. ಉಡಚಮ್ಮ ದೂರು ಕೊಟ್ಟದ್ದು ಅವನ ಮೇಲೆಯೇ. ಅವಳು ಮೆಟ್ಟಿಲ ಕೆಳಗೆ ಬಿಸಿಲಲ್ಲಿ ನಿಂತಿದ್ದಳು. ಗೌಡನ ಹೊಲದಲ್ಲಿ ಜೋಳ ಕೊಯ್ಯುವ ಹೆಂಗಸರು ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಹಾಗೇ ಅವಳ ಹಿಂದೆ ಬಂದಿದ್ದರು.

"ಬಾಯಿ ಇತ್ರಿ ಸಾಹೇಬ್ರ. ದನಿ ಬರಲಿಲ್ಲ."

"ಕೈ? ಕಾಲು?"

"ಅವೂ ನನ್ನ ಮಾತು ಕೇಳಲಿಲ್ರಿ."

ಗೌಡ ನಕ್ಕ. "ರಂಡಿಗೆ ಮನಸಿತ್ರಿ, ಅದಕ್ಕ ಸುಮ್ಮನಿದ್ಳು. ಈಗ ನಾಟಕ ಮಾಡತಾಳ."

ಮೊನ್ನೆ ಉಡಚಮ್ಮ ಕಣದ ಗುಡಿಸಲಿಗೆ ಹಗ್ಗ ತರಲು ಹೋದಾಗ ಗೌಡ ಹಿಂದಿನಿಂದ ಬಂದು ಬಾಗಿಲು ಮುಚ್ಚಿದ್ದ. ಅವನ ಕೈ ಹೆಗಲ ಮೇಲೆ ಬಿದ್ದದ್ದೇ ತಡ, ಅವಳ ಮೈ ಮರಗಟ್ಟಿತು. ತಟ್ಟಿಯ ಆಚೆ ತೆನೆ ಮುರಿಯುತ್ತಿದ್ದ ಕಾಸೀಮಬೀ "ಉಡಚಮ್ಮಾ, ಎಲ್ಲಿ ಹೋದಿಬೇ" ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿತ್ತು. ಓ ಅನ್ನಬೇಕೆಂದುಕೊಂಡಳು. ಅನ್ನುತ್ತಲೇ ಇದ್ದೇನೆ ಎಂದೂ ಅನ್ನಿಸಿತ್ತು. ತುಟಿ ಮಾತ್ರ ಅಲುಗಿರಲಿಲ್ಲ.

ಗಿರದಾವರ ಆಕಳಿಸಿದ. "ಒದರಲಿಲ್ಲ ಅಂದ ಮ್ಯಾಲ ಒಪ್ಪಿಗಿ ಇದ್ದಂಗ. ನಡಿ, ನಡಿ."

ಉಡಚಮ್ಮ ನಡೆಯಲಿಲ್ಲ. ಕಾಸೀಮಬೀಯ ಸೊಂಟದಿಂದ ಕುಡುಗೋಲು ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಅವಳ ಕೇರಿಯವರು ಯಾರೂ ತುಳಿಯದ ಮೆಟ್ಟಿಲು ಅದು. ಕೂತವರು ಏಳುವಷ್ಟರಲ್ಲಿ ಅಲಗು ಗೌಡನ ಗಂಟಲಿಗೆ ತಾಗಿತ್ತು.

"ಒದರು," ಅಂದಳು.

ಅಡಕೊತ್ತು ಗೌಡನ ಕೈಯಿಂದ ಜಾರಿತು. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ರೆಪ್ಪೆ ಮಿಟುಕಿಸುವುದೂ ಆಗಲಿಲ್ಲ ಅವನಿಗೆ. ಧೋತರ ತೊಯ್ದು ಉಚ್ಚೆ ಜಮಖಾನಕ್ಕೆ ಇಳಿಯಿತು.

"ನೋಡ್ರಿ ಸಾಹೇಬ್ರ, ಒದರವಲ್ಲ. ಕೊಯ್ಸಿಕೊಳ್ಳಾಕ ಒಪ್ಪ್ಯಾನೇನ್ರಿ ಇಂವಾ?"

ಗಿರದಾವರ ಗೋಡೆಗೆ ಸರಿದ. "ನೂರಸಾಬ, ಹಿಡಿ ಅಕಿನ್ನ."

ಅವನ ಜವಾನ ನೂರಸಾಬ ಕಂಬದ ಬಳಿ ಕೋಲು ಹಿಡಿದು ನಿಂತಿದ್ದ. ಮೆಟ್ಟಿಲ ಕೆಳಗೆ ಹೆಂಗಸರು ಒಬ್ಬೊಬ್ಬರಾಗಿ ಸೊಂಟಕ್ಕೆ ಕೈ ಹಾಕುತ್ತಿದ್ದರು. ನೂರಸಾಬ ಅವರನ್ನು ನೋಡಿದ, ಉಡಚಮ್ಮನನ್ನು ನೋಡಿದ.

"ಹಿಡಿಯಲೇ, ಸೂಳಿಮಗನ."

ನೂರಸಾಬ ಕೋಲನ್ನು ಕಂಬಕ್ಕೆ ಒರಗಿಸಿಟ್ಟ.